ಮುಂದಿನ ತರಗತಿಗಾಗಿ ಓದು: ಜೀವಶಾಸ್ತ್ರ ಶಿಕ್ಷಕರಾಗಬಯಸುವ ವಿದ್ಯಾರ್ಥಿಗೆ

ಒಂದು ಪುಟ್ಟ ಬೀಜ ಹತ್ತಾರು ವರ್ಷಗಳಲ್ಲಿ ದೊಡ್ಡ ಮರವಾಗುತ್ತದೆ. ಆ ಮರದ ಅಷ್ಟೊಂದು ತೂಕ ಎಲ್ಲಿಂದ ಬಂತು? ಜೀವಶಾಸ್ತ್ರದಲ್ಲಿ ಪದವಿ ಪಡೆದವರಲ್ಲಿಯೂ ಹಲವರು ಈ ಪ್ರಶ್ನೆಗೆ ‘ಮಣ್ಣಿನಿಂದ’ ಎಂದು ಉತ್ತರಿಸಿಬಿಡುತ್ತಾರೆ. ದ್ಯುತಿಸಂಶ್ಲೇಷಣೆಯ ಸಮೀಕರಣ ಅವರಿಗೆ ಬಾಯಿಪಾಠ ಬರುತ್ತದೆ, ಅದರ ಒಂದು ಹಂತವಾದ ಕ್ಯಾಲ್ವಿನ್ ಚಕ್ರದ ಚಿತ್ರ ಬರೆದು ಅಂಕ ಗಳಿಸಿರುತ್ತಾರೆ. ಆದರೂ ಮರದ ಒಣತೂಕದ ಬಹುಪಾಲು ಗಾಳಿಯಲ್ಲಿದ್ದ ಇಂಗಾಲದ ಡೈಆಕ್ಸೈಡಿನಿಂದ ಬಂದದ್ದು ಎಂಬುದು ಆ ಕ್ಷಣಕ್ಕೆ ಹೊಳೆಯುವುದಿಲ್ಲ. ಶಾಲೆಯ ಮಕ್ಕಳು ಕೇಳುವುದು ಇಂಥ ಪ್ರಶ್ನೆಗಳನ್ನೇ.

ಪದವಿಯ ಓದಿಗೂ ಶಿಕ್ಷಕನ ಓದಿಗೂ ಪಠ್ಯಕ್ರಮ ಒಂದೇ ಇರಬಹುದು. ಓದುವ ರೀತಿ ಬೇರೆ. ಪ್ರತಿಯೊಂದು ಪತ್ರಿಕೆಯನ್ನೂ ‘ಇದು ಏನು’ ಎಂದು ಓದಿದ ಮೇಲೆ ‘ಇದು ಹೇಗೆ ತಿಳಿಯಿತು, ಮಗು ಇಲ್ಲಿ ಎಲ್ಲಿ ಎಡವುತ್ತದೆ’ ಎಂದು ಇನ್ನೊಮ್ಮೆ ಓದಬೇಕು. ಈ ಎರಡನೆಯ ಓದನ್ನು ಕೆಲಸ ಸಿಕ್ಕ ನಂತರ ಮಾಡಿಕೊಳ್ಳೋಣ ಎಂದುಕೊಂಡರೆ ಆಗ ಸಮಯವಿರುವುದಿಲ್ಲ. ವಿಶ್ವವಿದ್ಯಾಲಯದಲ್ಲಿ ಇರುವಾಗಲೇ ಅದನ್ನು ಮಾಡುವ ಬಗೆಯನ್ನು ಮುಂದೆ ಹಂತಹಂತವಾಗಿ ಹೇಳಿದ್ದೇನೆ.

ಮೊದಲು ಅರ್ಹತೆಯ ನಿಯಮಗಳನ್ನು ಓದಿ

ಕೆಲವೆಡೆ ಮೊದಲು ವಿಜ್ಞಾನ ಪದವಿ ಪಡೆದು ಆಮೇಲೆ ಶಿಕ್ಷಣ ಪದವಿ ಮಾಡಬೇಕು. ಕೆಲವೆಡೆ ಎರಡೂ ಒಂದೇ ಸಮಗ್ರ ಕೋರ್ಸಿನಲ್ಲಿ ಸಿಗುತ್ತವೆ. ಯಾವ ತರಗತಿಗೆ ಪಾಠ ಹೇಳಲು ಯಾವ ವಿಷಯದಲ್ಲಿ ಎಷ್ಟು ಕ್ರೆಡಿಟ್ ಬೇಕು, ರಸಾಯನಶಾಸ್ತ್ರ ಜೊತೆಯಲ್ಲಿ ಇರಲೇಬೇಕೇ, ಎಷ್ಟು ವಾರಗಳ ಬೋಧನಾ ಅಭ್ಯಾಸ ಕಡ್ಡಾಯ, ಅರ್ಹತಾ ಪರೀಕ್ಷೆ ಇದೆಯೇ ಎಂಬುದನ್ನು ನೀವು ಕೆಲಸ ಮಾಡಬಯಸುವ ಪ್ರದೇಶದ ಶಿಕ್ಷಣ ಇಲಾಖೆಯ ನಿಯಮಗಳಲ್ಲಿ ಮೊದಲ ವರ್ಷವೇ ನೋಡಿಕೊಳ್ಳಿ. ಹಿರಿಯ ವಿದ್ಯಾರ್ಥಿಗಳ ಬಾಯಿಮಾತನ್ನು ನೆಚ್ಚಬೇಡಿ. ಮೂರನೆಯ ವರ್ಷದಲ್ಲಿ ಒಂದು ಪತ್ರಿಕೆ ಕಡಿಮೆ ಬಿದ್ದಿದೆ ಎಂದು ತಿಳಿದರೆ ಅದನ್ನು ತುಂಬಿಕೊಳ್ಳುವುದು ಬಹಳ ಕಷ್ಟ.

ಪತ್ರಿಕೆಗಳ ಆಯ್ಕೆಯಲ್ಲಿ ಅಗಲಕ್ಕೆ ಆದ್ಯತೆ ಕೊಡಿ

ಸಂಶೋಧಕನಾಗುವವನು ಒಂದೇ ಕವಲಿನಲ್ಲಿ ಆಳಕ್ಕೆ ಇಳಿಯಬಹುದು. ಶಾಲೆಯ ಶಿಕ್ಷಕ ಒಂದೇ ವರ್ಷದಲ್ಲಿ ಜೀವಕೋಶ, ಜೀರ್ಣಕ್ರಿಯೆ, ಹೂವಿನ ರಚನೆ, ಅನುವಂಶೀಯತೆ, ಆಹಾರ ಸರಪಳಿ ಎಲ್ಲವನ್ನೂ ಪಾಠ ಮಾಡಬೇಕು. ಆದ್ದರಿಂದ ಕೋಶ ಜೀವಶಾಸ್ತ್ರ, ತಳಿಶಾಸ್ತ್ರ, ವಿಕಾಸ, ಪರಿಸರ ವಿಜ್ಞಾನ, ಸಸ್ಯ ಮತ್ತು ಪ್ರಾಣಿ ಶರೀರಕ್ರಿಯಾಶಾಸ್ತ್ರ, ಸೂಕ್ಷ್ಮಜೀವಿಶಾಸ್ತ್ರ ಇವುಗಳಲ್ಲಿ ತಲಾ ಒಂದಾದರೂ ಗಟ್ಟಿಯಾದ ಪತ್ರಿಕೆ ಇರುವಂತೆ ನೋಡಿಕೊಳ್ಳಿ.

ಇವುಗಳಲ್ಲಿ ವಿದ್ಯಾರ್ಥಿಗಳು ಸಾಮಾನ್ಯವಾಗಿ ಕಡೆಗಣಿಸುವವು ಮೂರು. ಒಂದು, ಸಸ್ಯಗಳು. ಮಾನವ ದೇಹದ ಕುತೂಹಲದಿಂದ ಜೀವಶಾಸ್ತ್ರಕ್ಕೆ ಬಂದವರು ಸಸ್ಯಶಾಸ್ತ್ರದ ಪತ್ರಿಕೆಯನ್ನು ಹೇಗೋ ಮುಗಿಸಿಬಿಡುತ್ತಾರೆ. ಶಾಲೆಯಲ್ಲಿ ಸುಲಭವಾಗಿ, ಯಾರ ಅನುಮತಿಯೂ ಬೇಕಿಲ್ಲದೆ, ಯಾವ ಜೀವಿಗೂ ಹಿಂಸೆಯಾಗದೆ ಪ್ರಯೋಗ ಮಾಡಲು ಸಿಗುವುದು ಗಿಡಗಳೇ. ಅವುಗಳನ್ನು ಚೆನ್ನಾಗಿ ಬಲ್ಲ ಶಿಕ್ಷಕನ ಕೈಯಲ್ಲಿ ವರ್ಷಪೂರ್ತಿ ಪ್ರಯೋಗಗಳಿರುತ್ತವೆ.

ಎರಡನೆಯದು ವಿಕಾಸ. ಇದನ್ನು ಒಂದು ಅಧ್ಯಾಯವೆಂದು ಓದಿ ಬದಿಗಿಟ್ಟರೆ ಉಳಿದ ಜೀವಶಾಸ್ತ್ರ ಬಿಡಿಬಿಡಿ ಮಾಹಿತಿಯಾಗಿ ಉಳಿಯುತ್ತದೆ. 1859ರಲ್ಲಿ ಡಾರ್ವಿನ್ ಮಂಡಿಸಿದ ವಾದದ ಜೊತೆಗೆ ಕಣ್ಣೆದುರು ಅಳೆದ ವಿಕಾಸದ ಉದಾಹರಣೆಯೂ ನಿಮ್ಮ ಬಳಿ ಇರಲಿ. ಗ್ಯಾಲಪಗೋಸ್ ದ್ವೀಪಸಮೂಹದ ಡಾಫ್ನೆ ಮೇಜರ್ ಎಂಬ ಪುಟ್ಟ ದ್ವೀಪದಲ್ಲಿ ಪೀಟರ್ ಮತ್ತು ರೋಸ್‌ಮರಿ ಗ್ರಾಂಟ್ ದಂಪತಿ ಫಿಂಚ್ ಹಕ್ಕಿಗಳ ಕೊಕ್ಕನ್ನು ವರ್ಷಗಟ್ಟಲೆ ಅಳೆದರು. 1977ರ ಬರಗಾಲದಲ್ಲಿ ಮೆತ್ತನೆಯ ಸಣ್ಣ ಬೀಜಗಳು ಮುಗಿದು ಗಟ್ಟಿ ಬೀಜಗಳು ಮಾತ್ರ ಉಳಿದವು. ದಪ್ಪ ಕೊಕ್ಕಿನ ಹಕ್ಕಿಗಳು ಹೆಚ್ಚಾಗಿ ಬದುಕುಳಿದವು, ಅವುಗಳ ಮರಿಗಳ ಕೊಕ್ಕೂ ಸರಾಸರಿಯಲ್ಲಿ ದಪ್ಪವಾಗಿತ್ತು. ಯಾವ ಒಂದು ಹಕ್ಕಿಯ ಕೊಕ್ಕೂ ಬರಗಾಲಕ್ಕೆಂದು ಬೆಳೆಯಲಿಲ್ಲ, ಬದಲಾದದ್ದು ಸಮೂಹದ ಸರಾಸರಿ. ಈ ಒಂದು ಉದಾಹರಣೆಯನ್ನು ನಿಧಾನವಾಗಿ ಬಿಡಿಸಿ ಹೇಳಿದರೆ ನಿಸರ್ಗದ ಆಯ್ಕೆಯ ತಿರುಳು ಮಕ್ಕಳಿಗೆ ಸಿಗುತ್ತದೆ.

ಮೂರನೆಯದು ಸಂಖ್ಯಾಶಾಸ್ತ್ರ. ಮೆಂಡೆಲ್ 1866ರಲ್ಲಿ ಪ್ರಕಟಿಸಿದ ಬಟಾಣಿಯ ಲೆಕ್ಕವನ್ನೇ ತೆಗೆದುಕೊಳ್ಳಿ. ದುಂಡನೆಯ ಬೀಜಗಳು 5474, ಸುಕ್ಕಿದ ಬೀಜಗಳು 1850. ಒಟ್ಟು 7324. ಮೆಂಡೆಲ್ ಹೇಳಿದ ಅನುಪಾತ ನಿಖರವಾಗಿ 3:1 ಆಗಿದ್ದರೆ 5493 ಮತ್ತು 1831 ಇರಬೇಕಿತ್ತು. ಎರಡರಲ್ಲಿಯೂ ವ್ಯತ್ಯಾಸ 19. ನಿರೀಕ್ಷೆಗೂ ಎಣಿಕೆಗೂ ಇರುವ ವ್ಯತ್ಯಾಸ ಆಕಸ್ಮಿಕವೇ ಎಂದು ಅಳೆಯುವ ಕೈ-ಸ್ಕ್ವೇರ್ ಲೆಕ್ಕ ಮಾಡಿದರೆ ಬೆಲೆ ಸುಮಾರು 0.26 ಬರುತ್ತದೆ. ಅನುಮಾನಿಸಬೇಕಾದ ಗಡಿ 3.84. ಅಂದರೆ ಈ 19ರ ವ್ಯತ್ಯಾಸವನ್ನು ಆಕಸ್ಮಿಕವೆಂದು ಧಾರಾಳವಾಗಿ ಒಪ್ಪಬಹುದು. ‘ಸರಿಯಾಗಿ ಮೂರು ಪಟ್ಟು ಬಂದಿಲ್ಲವಲ್ಲ, ಮೆಂಡೆಲ್ ಹೇಳಿದ್ದು ತಪ್ಪೇ?’ ಎಂದು ಜಾಣ ಹುಡುಗಿಯೊಬ್ಬಳು ಕೇಳಿದಾಗ ಉತ್ತರಿಸಲು ಇಷ್ಟು ತಿಳಿದಿರಬೇಕು. ಶಾಲೆಯಲ್ಲಿ ಈ ಸೂತ್ರ ಕಲಿಸುವ ಅಗತ್ಯವಿಲ್ಲ. ನಾಣ್ಯವನ್ನು ಹತ್ತು ಸಲ ಚಿಮ್ಮಿಸಿ, ನೂರು ಸಲ ಚಿಮ್ಮಿಸಿ, ಎರಡನ್ನೂ ಹೋಲಿಸಿ ತೋರಿಸಿದರೂ ಸಾಕು. ಆದರೆ ಶಿಕ್ಷಕನಿಗೆ ಸೂತ್ರದ ಹಿಂದಿನ ತರ್ಕ ಗೊತ್ತಿರಬೇಕು.

ರಸಾಯನಶಾಸ್ತ್ರದ ಬಗ್ಗೆ ಒಂದೇ ಮಾತು: ಕಿಣ್ವ, ಆಮ್ಲೀಯತೆ, ವಿಸರಣೆ, ಶಕ್ತಿ ವಿನಿಮಯ ಅರ್ಥವಾಗದೆ ಉಸಿರಾಟವಾಗಲಿ ಜೀರ್ಣಕ್ರಿಯೆಯಾಗಲಿ ಪಾಠವಾಗುವುದಿಲ್ಲ. ಅದನ್ನು ಬಿಡಬೇಡಿ.

‘ಹೇಗೆ ತಿಳಿಯಿತು’ ಎಂಬ ಪುಸ್ತಕ

ತರಗತಿಯ ಟಿಪ್ಪಣಿಯ ಜೊತೆಗೆ ಇನ್ನೊಂದು ನೋಟ್‌ಬುಕ್ ಇಡಿ. ಪ್ರಾಧ್ಯಾಪಕರು ಹೇಳಿದ ಪ್ರತಿಯೊಂದು ಮುಖ್ಯ ಸಂಗತಿಗೂ ಅದರಲ್ಲಿ ಅರ್ಧ ಪುಟ ಮೀಸಲಿಡಿ. ಯಾರು, ಯಾವ ಪ್ರಯೋಗದಿಂದ, ಯಾವ ಸಂದೇಹವನ್ನು ಪರಿಹರಿಸಿ ಇದನ್ನು ಕಂಡುಕೊಂಡರು ಎಂಬುದನ್ನು ನಿಮ್ಮ ಮಾತಿನಲ್ಲಿ ಬರೆಯಿರಿ. ಇಡೀ ಲೇಖನದಲ್ಲಿ ಒಂದೇ ಸಲಹೆಯನ್ನು ಪಾಲಿಸುವುದಿದ್ದರೆ ಇದನ್ನು ಪಾಲಿಸಿ.

ಮರದ ತೂಕದ ಪ್ರಶ್ನೆಗೇ ಬರೋಣ. ಯಾನ್ ಬ್ಯಾಪ್ಟಿಸ್ಟ್ ವಾನ್ ಹೆಲ್ಮಾಂಟ್ 200 ಪೌಂಡ್ ಒಣ ಮಣ್ಣಿನಲ್ಲಿ 5 ಪೌಂಡ್ ತೂಕದ ವಿಲೋ ಸಸಿ ನೆಟ್ಟು ಐದು ವರ್ಷ ನೀರು ಮಾತ್ರ ಹಾಕಿದ. ಗಿಡ 169 ಪೌಂಡ್ ದಾಟಿತು, ಮಣ್ಣು ಕಳೆದುಕೊಂಡದ್ದು ಸುಮಾರು ಎರಡು ಔನ್ಸ್. ಹಾಗಾದರೆ ತೂಕವೆಲ್ಲ ನೀರಿನದೇ ಎಂದು ಅವನು ತೀರ್ಮಾನಿಸಿದ. 1648ರಲ್ಲಿ, ಅವನ ಮರಣಾನಂತರ ಇದು ಪ್ರಕಟವಾಯಿತು. ಮಣ್ಣಿನ ಬಗ್ಗೆ ಅವನ ಮಾತು ಸರಿ, ನೀರಿನ ಬಗ್ಗೆ ಅರ್ಧ ಮಾತ್ರ ಸರಿ; ಗಾಳಿಯನ್ನು ಅವನು ಲೆಕ್ಕಕ್ಕೇ ಹಿಡಿಯಲಿಲ್ಲ. ಪ್ರೀಸ್ಟ್ಲಿ 1771ರಲ್ಲಿ ಪುದೀನ ಗಿಡ ಇಟ್ಟ ಮುಚ್ಚಿದ ಪಾತ್ರೆಯಲ್ಲಿ, ಮೇಣದ ಬತ್ತಿ ಉರಿದು ಕೆಟ್ಟ ಗಾಳಿ ಮತ್ತೆ ಸರಿಹೋಗುವುದನ್ನು ಕಂಡ. 1779ರಲ್ಲಿ ಇಂಗೆನ್‌ಹೌಸ್ ಇದು ಬೆಳಕಿನಲ್ಲಿ, ಹಸಿರು ಭಾಗಗಳಿಂದ ಮಾತ್ರ ಆಗುತ್ತದೆ ಎಂದು ತೋರಿಸಿದ. ಬಿಡುಗಡೆಯಾಗುವ ಆಮ್ಲಜನಕ ನೀರಿನಿಂದ ಬರುತ್ತದೆ ಎಂಬುದನ್ನು 1941ರಲ್ಲಿ ರೂಬೆನ್, ಕಾಮೆನ್ ಮತ್ತು ಸಂಗಡಿಗರು ಆಮ್ಲಜನಕದ ಭಾರ ಐಸೊಟೋಪ್ (ಹೆಚ್ಚು ತೂಕದ ಪರಮಾಣು) ಬಳಸಿ ತಿಳಿಸಿದರು. ಒಂದು ಸಾಲಿನ ಸಮೀಕರಣದ ಹಿಂದೆ ಸುಮಾರು ಮುನ್ನೂರು ವರ್ಷಗಳ ಯೋಚನೆಯಿದೆ. ಇದನ್ನು ತಿಳಿದವನು ಸಮೀಕರಣವನ್ನು ಹಲಗೆಯ ಮೇಲೆ ಮೊದಲೇ ಬರೆಯುವುದಿಲ್ಲ. ವಾನ್ ಹೆಲ್ಮಾಂಟನ ಅಂಕಿಗಳನ್ನು ಬರೆದು, ‘ಈತನ ತೀರ್ಮಾನವನ್ನು ಒಪ್ಪುತ್ತೀರಾ?’ ಎಂದು ಕೇಳುತ್ತಾನೆ.

ಅನುವಂಶೀಯ ಗುಣಗಳನ್ನು ಹೊತ್ತೊಯ್ಯುವ ವಸ್ತು ಡಿಎನ್ಎ ಎಂದು ತಿಳಿದ ಬಗೆಯ ಕುರಿತೂ ಹೀಗೇ ಮಾಡಿ. 1928ರ ಗ್ರಿಫಿತ್‌ನ ಇಲಿಗಳು, 1944ರಲ್ಲಿ ಏವರಿ ತಂಡ ಮಾಡಿದ ಶೋಧನೆ, 1952ರಲ್ಲಿ ಹರ್ಷಿ ಮತ್ತು ಚೇಸ್ ಬಳಸಿದ ವಿಕಿರಣಶೀಲ ಗಂಧಕ ಮತ್ತು ರಂಜಕ, 1953ರ ಜೋಡಿ ಸುರುಳಿಯ ರಚನೆ: ಒಂದೊಂದೂ ಹಿಂದಿನದು ಉಳಿಸಿದ ಸಂದೇಹಕ್ಕೆ ಉತ್ತರ.

ವಿಜ್ಞಾನ ತನ್ನ ತಪ್ಪನ್ನು ತಿದ್ದಿಕೊಂಡ ಕಥೆಗಳಿಗೂ ಅದರಲ್ಲಿ ಜಾಗ ಕೊಡಿ. ಮನುಷ್ಯನ ಜೀವಕೋಶದಲ್ಲಿ 48 ವರ್ಣತಂತುಗಳಿವೆ ಎಂದು ದಶಕಗಳ ಕಾಲ ಪಠ್ಯಪುಸ್ತಕಗಳು ಹೇಳುತ್ತಿದ್ದವು. 1956ರಲ್ಲಿ ಚೊ ಮತ್ತು ಲೆವಾನ್ ಉತ್ತಮ ವಿಧಾನದಿಂದ ಎಣಿಸಿ 46 ಎಂದು ತೋರಿಸಿದರು. ಪುಸ್ತಕದಲ್ಲಿರುವುದೆಲ್ಲ ಎಂದೆಂದಿಗೂ ನಿಜ ಎಂದು ನಂಬಿದ ಮಗುವಿಗೆ ಇದಕ್ಕಿಂತ ಒಳ್ಳೆಯ ಪಾಠ ಸಿಗಲಾರದು.

ಮಕ್ಕಳ ತಪ್ಪು ಕಲ್ಪನೆಗಳನ್ನು ಸಂಗ್ರಹಿಸಿ

ಮಕ್ಕಳು ಖಾಲಿ ತಲೆಯಿಂದ ತರಗತಿಗೆ ಬರುವುದಿಲ್ಲ. ತಮ್ಮ ಅನುಭವದಿಂದ ಕಟ್ಟಿಕೊಂಡ ವಿವರಣೆಗಳೊಂದಿಗೆ ಬರುತ್ತಾರೆ, ಅವುಗಳಲ್ಲಿ ಹಲವು ಗಟ್ಟಿಮುಟ್ಟಾಗಿರುತ್ತವೆ. ಗಿಡಗಳು ಹಗಲು ದ್ಯುತಿಸಂಶ್ಲೇಷಣೆ ಮಾಡುತ್ತವೆ, ರಾತ್ರಿ ಮಾತ್ರ ಉಸಿರಾಡುತ್ತವೆ ಎನ್ನುವುದು ಬಹಳ ಸಾಮಾನ್ಯ. ವಾಸ್ತವವಾಗಿ ಜೀವಂತ ಕೋಶಗಳು ಹಗಲೂ ರಾತ್ರಿಯೂ ಉಸಿರಾಡುತ್ತವೆ. ಅಶುದ್ಧ ರಕ್ತ ನೀಲಿ ಬಣ್ಣದ್ದು ಎಂದು ನಂಬಲು ಪಠ್ಯಪುಸ್ತಕದ ಚಿತ್ರವೇ ಕಾರಣ. ಅದು ಕಡುಗೆಂಪು ಅಷ್ಟೇ. ಪ್ರಬಲ ಗುಣವೇ (ಜೋಡಿ ಜೀನುಗಳಲ್ಲಿ ಒಂದರಲ್ಲಿದ್ದರೂ ಕಾಣಿಸಿಕೊಳ್ಳುವ ಗುಣ) ಜನರಲ್ಲಿ ಹೆಚ್ಚಾಗಿ ಕಾಣುತ್ತದೆ ಎನ್ನುವುದು ಇನ್ನೊಂದು. ಆರು ಬೆರಳುಗಳ ಕೆಲವು ಬಗೆಗಳು ಪ್ರಬಲ ಗುಣವಾಗಿಯೇ ಬರುತ್ತವೆ, ಆದರೂ ಹೆಚ್ಚಿನವರಿಗೆ ಐದೇ ಬೆರಳು. ಜಿರಾಫೆ ಕತ್ತು ಚಾಚಿ ಚಾಚಿ ಉದ್ದವಾಯಿತು, ಬ್ಯಾಕ್ಟೀರಿಯಾಗಳು ಔಷಧಿಗೆ ‘ಒಗ್ಗಿಕೊಂಡವು’ ಎನ್ನುವ ಮಾತುಗಳಂತೂ ದೊಡ್ಡವರ ಬಾಯಲ್ಲಿಯೂ ಕೇಳಿಬರುತ್ತವೆ.

ಪ್ರತಿ ಪತ್ರಿಕೆ ಮುಗಿದಾಗ ಆ ವಿಷಯದಲ್ಲಿ ನಿಮಗೇ ಮೊದಲು ಇದ್ದ ತಪ್ಪು ತಿಳಿವಳಿಕೆ ಏನು, ಯಾವುದು ಅದನ್ನು ಸರಿಪಡಿಸಿತು ಎಂದು ಬರೆದಿಡಿ. ವಿಷಯ ಸಂಪೂರ್ಣ ಅರಗಿದ ಮೇಲೆ, ಅರ್ಥವಾಗದೆ ಇದ್ದ ಕಾಲದ ನೆನಪು ಅಳಿಸಿಹೋಗುತ್ತದೆ. ಶಿಕ್ಷಕನಿಗೆ ಬೇಕಾಗಿರುವುದು ಆ ನೆನಪೇ. ನೆರೆಯ ಮಕ್ಕಳನ್ನು, ತಮ್ಮ ತಂಗಿಯರನ್ನು ಕೇಳಿ ನೋಡಿ. ‘ನೀನು ಬಿಟ್ಟ ಉಸಿರಿನಲ್ಲಿ ಆಮ್ಲಜನಕ ಇರುತ್ತದೆಯೇ?’ ಎಂದು ಕೇಳಿದರೆ ಬಹಳಷ್ಟು ಮಕ್ಕಳು ಇಲ್ಲ ಎನ್ನುತ್ತಾರೆ. ಒಳಗೆ ಹೋಗುವ ಗಾಳಿಯಲ್ಲಿ ಸುಮಾರು 21 ಪ್ರತಿಶತ, ಹೊರಬರುವ ಗಾಳಿಯಲ್ಲಿ ಸುಮಾರು 16 ಪ್ರತಿಶತ ಆಮ್ಲಜನಕವಿದೆ ಎಂದಾಗ ಅವರ ಮುಖದಲ್ಲಿ ಮೂಡುವ ಅಚ್ಚರಿಯೇ ಪಾಠದ ಆರಂಭ.

ಪ್ರಯೋಗಾಲಯದಲ್ಲಿ ಎರಡು ಪಾತ್ರ

ವಿಶ್ವವಿದ್ಯಾಲಯದ ಪ್ರಯೋಗಾಲಯದಲ್ಲಿ ಎಲ್ಲವೂ ಸಿದ್ಧವಾಗಿ ಮೇಜಿನ ಮೇಲಿರುತ್ತದೆ. ದ್ರಾವಣ ಬೆರೆಸಿಟ್ಟವರು ಯಾರು, ಗಾಜಿನ ಪಟ್ಟಿ ತೊಳೆದವರು ಯಾರು ಎಂದು ವಿದ್ಯಾರ್ಥಿಗೆ ಗೊತ್ತಾಗುವುದೇ ಇಲ್ಲ. ಶಾಲೆಯಲ್ಲಿ ಅದೆಲ್ಲ ನಿಮ್ಮ ಪಾಲಿಗೆ ಬರುತ್ತದೆ. ಪ್ರಯೋಗಾಲಯ ಸಹಾಯಕರ ಬಳಿ ಹೋಗಿ, ‘ತಯಾರಿಯಲ್ಲಿ ನಾನೂ ಇರಬಹುದೇ?’ ಎಂದು ಕೇಳಿ. ಒಂದು ಪ್ರತಿಶತ ದ್ರಾವಣ ಮಾಡುವುದು, ಅಯೋಡಿನ್ ದ್ರಾವಣವನ್ನು ಬೆಳಕು ಬೀಳದಂತೆ ಇಡುವುದು, ಸೂಕ್ಷ್ಮದರ್ಶಕದ ಮಸೂರ ಒರೆಸುವುದು ಇವುಗಳನ್ನು ಅವರಷ್ಟು ಚೆನ್ನಾಗಿ ಕಲಿಸುವವರು ಸಿಗುವುದಿಲ್ಲ.

ಶಾಲೆಯಲ್ಲಿ ಮಾಡುವ ಪ್ರಯೋಗಗಳು ಕೆಲವೇ. ಅವುಗಳನ್ನು ಪ್ರತಿ ಬಾರಿಯೂ ಸರಿಬರುವಷ್ಟು ಪಳಗಿಸಿಕೊಳ್ಳಿ. ಎಲೆಯಲ್ಲಿ ಪಿಷ್ಟ ಪತ್ತೆಹಚ್ಚುವುದನ್ನೇ ನೋಡಿ. ಗಿಡವನ್ನು ಎರಡು ದಿನ ಕತ್ತಲಲ್ಲಿಟ್ಟು ಪಿಷ್ಟ ಖಾಲಿ ಮಾಡಿ, ಎಲೆಯ ಒಂದು ಭಾಗವನ್ನು ಕಪ್ಪು ಕಾಗದದಿಂದ ಮುಚ್ಚಿ ಬಿಸಿಲಿಗಿಡಬೇಕು. ನಂತರ ಎಲೆಯನ್ನು ಕುದಿನೀರಿನಲ್ಲಿ ಅದ್ದಿ, ಬಿಸಿ ಎಥನಾಲ್‌ನಲ್ಲಿ ಹಸಿರು ಬಣ್ಣ ಕಳೆದು, ನೀರಿನಲ್ಲಿ ತೊಳೆದು, ಅಯೋಡಿನ್ ಹಾಕಬೇಕು. ಎಥನಾಲ್ 78 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕುದಿಯುತ್ತದೆ, ಅದರ ಆವಿಗೆ ಬೆಂಕಿ ತಗುಲಿದರೆ ಕ್ಷಣದಲ್ಲಿ ಹೊತ್ತಿಕೊಳ್ಳುತ್ತದೆ. ಆದ್ದರಿಂದ ಮೊದಲು ಎಲ್ಲ ಜ್ವಾಲೆಗಳನ್ನು ಆರಿಸಿ, ಆಮೇಲೆ ಬಿಸಿನೀರಿನ ಪಾತ್ರೆಯೊಳಗೆ ಎಥನಾಲ್ ಇರುವ ಪ್ರನಾಳವನ್ನು ಇಡಬೇಕು. ಈ ಕ್ರಮದಲ್ಲಿ ಯಾವ ರಾಜಿಯೂ ಇಲ್ಲ. ಇನ್ನು ಈರುಳ್ಳಿಯ ಎಲೆ ಆರಿಸಿಕೊಂಡರೆ ನೀಲಿಗಪ್ಪು ಬಣ್ಣ ಬರುವುದೇ ಇಲ್ಲ, ಏಕೆಂದರೆ ಅದು ಎಲೆಯಲ್ಲಿ ಪಿಷ್ಟ ಶೇಖರಿಸುವುದಿಲ್ಲ. ಪ್ರಯೋಗ ಎಲ್ಲೆಲ್ಲಿ ಕೈಕೊಡುತ್ತದೆ ಎಂಬುದನ್ನು ಉದ್ದೇಶಪೂರ್ವಕವಾಗಿ ಕೆಡಿಸಿಯೇ ತಿಳಿದುಕೊಳ್ಳಿ.

ಸೂಕ್ಷ್ಮದರ್ಶಕದ ಪಾಠದಲ್ಲಿ ಚಿತ್ರ ಬಿಡಿಸುವುದರ ಜೊತೆಗೆ ಅಳೆಯುವುದೂ ಸೇರಲಿ. ನೂರು ಪಟ್ಟು ವರ್ಧನೆಯಲ್ಲಿ ಕಾಣುವ ವೃತ್ತದ ವ್ಯಾಸ 1.8 ಮಿಲಿಮೀಟರ್ ಇದ್ದು, ಅದರ ಅಡ್ಡಕ್ಕೆ ಈರುಳ್ಳಿ ಪೊರೆಯ 9 ಕೋಶಗಳು ಸಾಲಾಗಿ ನಿಂತಿದ್ದರೆ, ಒಂದು ಕೋಶದ ಉದ್ದ 0.2 ಮಿಲಿಮೀಟರ್. ಇಷ್ಟು ಸರಳ ಭಾಗಾಕಾರದಿಂದ ಕಣ್ಣಿಗೆ ಕಾಣದ್ದನ್ನು ತಾನೇ ಅಳೆದೆ ಎಂಬ ಹೆಮ್ಮೆ ಮಗುವಿಗೆ ಬರುತ್ತದೆ.

ಬ್ಯಾಕ್ಟೀರಿಯಾ ಬೆಳೆಸುವ ಪ್ರಯೋಗಗಳಲ್ಲಿ ವಿಶ್ವವಿದ್ಯಾಲಯದ ಅಭ್ಯಾಸವನ್ನು ಶಾಲೆಗೆ ಹಾಗೆಯೇ ಒಯ್ಯಬೇಡಿ. 37 ಡಿಗ್ರಿ ಮನುಷ್ಯನ ದೇಹದ ಉಷ್ಣತೆ. ನಮ್ಮಲ್ಲಿ ರೋಗ ತರುವ ಸೂಕ್ಷ್ಮಜೀವಿಗಳಿಗೆ ಅದೇ ಅನುಕೂಲ. ಶಾಲೆಯಲ್ಲಿ 25 ಡಿಗ್ರಿಯ ಆಸುಪಾಸಿನಲ್ಲಿ ಬೆಳೆಸಿ, ತಟ್ಟೆಯ ಮುಚ್ಚಳಕ್ಕೆ ಟೇಪ್ ಅಂಟಿಸಿ, ಬೆಳೆದ ಮೇಲೆ ತೆರೆಯದೆ ನೋಡಿ, 121 ಡಿಗ್ರಿಯ ಒತ್ತಡದ ಹಬೆಯಲ್ಲಿ 15 ನಿಮಿಷವಾದರೂ ಇಟ್ಟು ನಂತರವೇ ಬಿಸಾಡಬೇಕು.

ಹೊರಾಂಗಣ ಅಧ್ಯಯನದ ಪತ್ರಿಕೆ ಇದ್ದರೆ ಖಂಡಿತ ಸೇರಿಕೊಳ್ಳಿ. ಒಂದು ಮೀಟರ್ ಚೌಕಟ್ಟು ಹಾಕಿ ಗಿಡಗಳನ್ನು ಎಣಿಸಲು, ಕಾಲೇಜಿನ ಸುತ್ತಲಿನ ಹತ್ತಾರು ಗಿಡ, ಹಕ್ಕಿ, ಕೀಟಗಳನ್ನು ಹೆಸರು ಹಿಡಿದು ಗುರುತಿಸಲು ಕಲಿತರೆ ಶಾಲೆಯ ಅಂಗಳವೇ ಪ್ರಯೋಗಾಲಯವಾಗುತ್ತದೆ.

ಶಿಕ್ಷಣಶಾಸ್ತ್ರವನ್ನು ಹಗುರವಾಗಿ ಎಣಿಸಬೇಡಿ

ವಿಜ್ಞಾನದ ವಿದ್ಯಾರ್ಥಿಗಳಲ್ಲಿ ಹಲವರಿಗೆ ಶಿಕ್ಷಣಶಾಸ್ತ್ರದ ಪತ್ರಿಕೆಗಳ ಬಗ್ಗೆ ತಾತ್ಸಾರವಿದೆ. ಈ ತಾತ್ಸಾರ ನನಗೆ ಒಪ್ಪಿಗೆಯಿಲ್ಲ. ಅಮೆರಿಕದ ಶಿಕ್ಷಣತಜ್ಞ ಲೀ ಶುಲ್ಮನ್ 1986ರಲ್ಲಿ ಮುಂದಿಟ್ಟ ವಿಚಾರವನ್ನು ನೋಡಿ: ವಿಷಯ ಜ್ಞಾನ ಒಂದು, ಸಾಮಾನ್ಯ ಬೋಧನಾ ಕೌಶಲ ಇನ್ನೊಂದು, ಇವೆರಡೂ ಕೂಡಿದ ಮೂರನೆಯ ಜ್ಞಾನವೊಂದಿದೆ. ಈ ವಿಷಯದ ಈ ಭಾಗವನ್ನು ಈ ವಯಸ್ಸಿನವರಿಗೆ ಯಾವ ಉದಾಹರಣೆಯಿಂದ, ಯಾವ ಕ್ರಮದಲ್ಲಿ ಹೇಳಬೇಕು ಎಂಬ ಜ್ಞಾನ ಅದು. ಕೋಶ ವಿಭಜನೆಯ ಎರಡು ಬಗೆಗಳಾದ ಮೈಟಾಸಿಸ್ ಮತ್ತು ಮಿಯಾಸಿಸ್ ಎರಡನ್ನೂ ಬೆನ್ನುಬೆನ್ನಿಗೆ ಹೇಳಿದರೆ ಮಕ್ಕಳು ಗೊಂದಲಕ್ಕೆ ಬೀಳುತ್ತಾರೆ. ಮೊದಲನೆಯದನ್ನು ಬೆಳವಣಿಗೆಯ ಜೊತೆಗೆ, ಎರಡನೆಯದನ್ನು ಸಂತಾನೋತ್ಪತ್ತಿಯ ಜೊತೆಗೆ ಹೇಳಿದರೆ ಗೊಂದಲ ತಗ್ಗುತ್ತದೆ. ಇದು ಜೀವಶಾಸ್ತ್ರವೂ ಹೌದು, ಬೋಧನೆಯೂ ಹೌದು.

ಅಮೆರಿಕದ ಶಿಕ್ಷಣತಜ್ಞೆ ಮೇರಿ ಬಡ್ ರೋ 1970ರ ದಶಕದಲ್ಲಿ ವಿಜ್ಞಾನ ತರಗತಿಗಳನ್ನು ಗಮನಿಸಿದಾಗ ಶಿಕ್ಷಕರು ಪ್ರಶ್ನೆ ಕೇಳಿ ಸರಾಸರಿ ಒಂದು ಸೆಕೆಂಡ್ ಮಾತ್ರ ಕಾಯುತ್ತಿದ್ದುದು ಕಂಡುಬಂತು. ಮೂರು ಸೆಕೆಂಡ್ ಕಾದಾಗ ಉತ್ತರಗಳು ಉದ್ದವಾದವು, ಹೆಚ್ಚು ಮಕ್ಕಳು ಬಾಯಿಬಿಟ್ಟರು. ಗೆಳೆಯರ ಮುಂದೆ ಅಭ್ಯಾಸದ ಪಾಠ ಮಾಡುವಾಗಲೇ ಕಾಯುವುದನ್ನು ಕಲಿಯಿರಿ. ಆ ಮೂರು ಸೆಕೆಂಡ್ ಮೊದಮೊದಲು ಬಹಳ ದೀರ್ಘವೆನಿಸುತ್ತದೆ.

ಬೋಧನಾ ಅಭ್ಯಾಸದ ವಾರಗಳು

ಪಾಠ ಯೋಜನೆ ಬರೆಯುವಾಗ ಕೊನೆಯಿಂದ ಶುರುಮಾಡಿ. ತರಗತಿ ಮುಗಿದಾಗ ಮಗು ಯಾವ ಪ್ರಶ್ನೆಗೆ ಉತ್ತರಿಸಬಲ್ಲದು? ‘ಹೃದಯದ ರಚನೆ ತಿಳಿಯುವುದು’ ಎಂದು ಬರೆದರೆ ಏನೂ ಹೇಳಿದಂತಾಗಲಿಲ್ಲ. ‘ಎಡ ಹೃತ್ಕುಕ್ಷಿಯ ಗೋಡೆ ಬಲಗಡೆಯದಕ್ಕಿಂತ ಏಕೆ ದಪ್ಪ ಎಂದು ವಿವರಿಸುವುದು’ ಎಂದು ಬರೆದರೆ ಪಾಠದ ದಾರಿ ತಾನಾಗಿಯೇ ತೆರೆದುಕೊಳ್ಳುತ್ತದೆ: ಬಲಗಡೆಯದು ರಕ್ತವನ್ನು ಪಕ್ಕದ ಶ್ವಾಸಕೋಶಕ್ಕೆ ತಳ್ಳಿದರೆ ಸಾಕು, ಎಡಗಡೆಯದು ಇಡೀ ದೇಹಕ್ಕೆ ತಳ್ಳಬೇಕು.

ಮಾರ್ಗದರ್ಶಕ ಶಿಕ್ಷಕರ ಪಾಠವನ್ನು ನೋಡುವಾಗ ಹಿಂದಿನ ಬೆಂಚಿನಲ್ಲಿ ಕುಳಿತು ಶಿಕ್ಷಕರಿಗಿಂತ ಹೆಚ್ಚಾಗಿ ಮಕ್ಕಳನ್ನು ನೋಡಿ. ಯಾರು ಯಾವ ಕ್ಷಣದಲ್ಲಿ ಗಮನ ತಪ್ಪಿದರು, ಯಾರು ಪಕ್ಕದವರ ಪುಸ್ತಕದಿಂದ ನಕಲು ಮಾಡಿದರು ಎಂಬುದನ್ನು ಬರೆದುಕೊಳ್ಳಿ. ನಿಮ್ಮ ಪಾಠವಾದ ಮೇಲೆ ಮಕ್ಕಳ ನೋಟ್‌ಬುಕ್‌ಗಳಲ್ಲಿ ಕೆಲವನ್ನು ಓದಿ. ನೀವು ಹೇಳಿದ್ದೇನು, ಅಲ್ಲಿ ಉಳಿದದ್ದೇನು ಎಂಬುದು ಅಲ್ಲಿ ಕಾಣುತ್ತದೆ.

ಜೀವಶಾಸ್ತ್ರದ ಪಾಠಗಳು ಮಕ್ಕಳ ಸ್ವಂತ ಬದುಕನ್ನು ಮುಟ್ಟುತ್ತವೆ. ಇದಕ್ಕೆ ಮೊದಲೇ ಸಿದ್ಧರಾಗಿರಿ. ಅನುವಂಶೀಯತೆಯ ಪಾಠದಲ್ಲಿ ‘ನಿಮ್ಮ ಕುಟುಂಬದ ವಂಶವೃಕ್ಷ ಬರೆದು ತನ್ನಿ’ ಎಂದರೆ ದತ್ತು ಮಗುವಿಗೆ, ತಂದೆ ಅಥವಾ ತಾಯಿಯನ್ನು ಕಾಣದ ಮಗುವಿಗೆ ನೋವಾಗಬಹುದು. ಕಾಲ್ಪನಿಕ ಕುಟುಂಬವೊಂದರ ವಂಶವೃಕ್ಷ ಕೊಟ್ಟರೆ ಕಲಿಕೆ ಅಷ್ಟೇ ಆಗುತ್ತದೆ, ನೋವು ತಪ್ಪುತ್ತದೆ. ದೇಹದ ತೂಕದ ಸೂಚ್ಯಂಕ ಲೆಕ್ಕ ಹಾಕಿಸುವಾಗಲೂ ಕಾಲ್ಪನಿಕ ಅಂಕಿಗಳೇ ಇರಲಿ. ಸಂತಾನೋತ್ಪತ್ತಿಯ ಪಾಠವನ್ನು ‘ಮನೆಯಲ್ಲಿ ಓದಿಕೊಳ್ಳಿ’ ಎಂದು ದಾಟಿಸುವುದು ಮಕ್ಕಳಿಗೆ ಮಾಡುವ ಅನ್ಯಾಯ. ಅಂಗಗಳ ಹೆಸರುಗಳನ್ನು ತಡವರಿಸದೆ, ಜಠರ ಎಂದಷ್ಟೇ ಸಹಜವಾಗಿ ಹೇಳಲು ಗೆಳೆಯರ ಮುಂದೆ ಅಭ್ಯಾಸ ಮಾಡಿಕೊಳ್ಳಿ. ಬರವಣಿಗೆಯಲ್ಲಿ ಪ್ರಶ್ನೆ ಹಾಕಲು ಒಂದು ಪೆಟ್ಟಿಗೆ ಇಟ್ಟರೆ ಸಂಕೋಚದ ಮಕ್ಕಳೂ ಕೇಳುತ್ತಾರೆ.

ಕೊನೆಯ ವರ್ಷ

ಇಷ್ಟು ವರ್ಷಗಳ ನೋಟ್‌ಬುಕ್‌ಗಳನ್ನು ಈಗ ಶಾಲೆಯ ಪಠ್ಯಕ್ರಮದ ಅಧ್ಯಾಯಗಳ ಕ್ರಮಕ್ಕೆ ಹೊಂದಿಸಿ. ಪ್ರತಿ ಅಧ್ಯಾಯಕ್ಕೆ ಒಂದು ಕಡತ: ಆರಂಭದ ಪ್ರಶ್ನೆ, ‘ಹೇಗೆ ತಿಳಿಯಿತು’ ಎಂಬ ಕಥೆ, ನಿರೀಕ್ಷಿತ ತಪ್ಪು ಕಲ್ಪನೆಗಳು, ನೀವೇ ಮಾಡಿ ನೋಡಿದ ಪ್ರಯೋಗ, ಅದರ ಅಪಾಯಗಳು. ಯಾವ ಅಧ್ಯಾಯದ ಕಡತ ತೆಳ್ಳಗಿದೆಯೋ ಆ ವಿಷಯದ ಐಚ್ಛಿಕ ಪತ್ರಿಕೆಯನ್ನು ಉಳಿದ ಸೆಮಿಸ್ಟರಿನಲ್ಲಿ ತೆಗೆದುಕೊಳ್ಳಿ.

ಸಂದರ್ಶನಕ್ಕೆ ಹೋದಾಗ ಪ್ರಾತ್ಯಕ್ಷಿಕೆಯ ಪಾಠಕ್ಕೆ ಕಷ್ಟದ ವಿಷಯ ಆರಿಸಿ ಬೆರಗುಗೊಳಿಸಲು ಹೋಗಬೇಡಿ. ಅಭಿಸರಣೆಯಂಥ (ಪೊರೆಯ ಮೂಲಕ ನೀರು ಹಾಯುವುದು) ಸಣ್ಣ ವಿಷಯವನ್ನು, ಉಪ್ಪು ನೀರಿನಲ್ಲೂ ಸಾದಾ ನೀರಿನಲ್ಲೂ ಇಟ್ಟ ಆಲೂಗಡ್ಡೆಯ ತುಂಡುಗಳ ತೂಕ ಹೋಲಿಸಿ, ಹತ್ತು ನಿಮಿಷದಲ್ಲಿ ಸ್ಪಷ್ಟವಾಗಿ ತೋರಿಸಿ. ತೂಕ ಬದಲಾಗಲು ಸಮಯ ಬೇಕು, ಆದ್ದರಿಂದ ಒಂದು ಜೊತೆ ತುಂಡುಗಳನ್ನು ಹಿಂದಿನ ರಾತ್ರಿಯೇ ನೆನೆಸಿ ಒಯ್ಯಿರಿ. ಅವರು ಪ್ರಶ್ನೆ ಕೇಳಿ ಮುಗಿಸಿದ ಮೇಲೆ ನೀವೂ ಕೇಳಿ: ಎಷ್ಟು ಸೂಕ್ಷ್ಮದರ್ಶಕಗಳಿವೆ, ಒಂದನ್ನು ಎಷ್ಟು ಮಕ್ಕಳು ಹಂಚಿಕೊಳ್ಳುತ್ತಾರೆ, ಪ್ರಯೋಗಕ್ಕೆ ವಾರದಲ್ಲಿ ಎಷ್ಟು ಅವಧಿ ಮೀಸಲು, ಪ್ರಯೋಗಾಲಯ ಸಹಾಯಕರು ಇದ್ದಾರೆಯೇ? ಆ ಉತ್ತರಗಳ ಮೇಲೆ ನಿಮ್ಮ ಮೊದಲ ವರ್ಷದ ಪಾಠ ಯೋಜನೆ ನಿಂತಿರುತ್ತದೆ.